ಘತ್ತರಗಿಯಲ್ಲಿ ಅತ್ತೆಯ ಮೈಮೇಲೆ ಬಂದದ್ದು

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ ಇದೆಯೆಂಬುದು ಅಫಜಲಪುರದಲ್ಲಿ ಮೂರೇ ಜನಕ್ಕೆ ಗೊತ್ತಿತ್ತು: ಅತ್ತೆಗೆ, ನನ್ನ ಗಂಡನಿಗೆ ಮತ್ತು ನನಗೆ. ಡಾಕ್ಟರು ಗುಲಬರ್ಗಾದಲ್ಲಿದ್ದರು. ಅವರ ಹತ್ತಿರ ಹೋಗುವಾಗ ಸೀರೆ ತರಲಿಕ್ಕೆ ಹೊರಟಿದ್ದೇವೆಂದು ಓಣಿಯವರಿಗೆಲ್ಲ ಹೇಳಿ ಬಸ್ಸು ಹತ್ತುತ್ತಿದ್ದೆವು. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ನಾದಿನಿ ಇದ್ದಳು. ತಾಯಿಗೆ ಸಕ್ಕರೆ ಇದ್ದರೆ ಮಗಳಿಗೂ ಬರುತ್ತದೆಂದು ಹೆಣ್ಣು ಕೇಳುವವರು ಹಿಂದೆ ಸರಿಯುತ್ತಾರೆ ಎಂಬ ಹೆದರಿಕೆ ಅತ್ತೆಗೆ. ಹೆದರಿಕೆ ಸುಳ್ಳೇನಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಅದಕ್ಕಿಂತ ಸಣ್ಣ ಕಾರಣಕ್ಕೂ ಸಂಬಂಧಗಳು ಮುರಿದದ್ದನ್ನು ನಾನೇ ನೋಡಿದ್ದೇನೆ. ಯಾರಾದರೂ ಚಹಾ ಕೊಟ್ಟರೆ ಅತ್ತೆ ಬೇಡ ಅನ್ನದೆ ಸಿಹಿ ಚಹಾ ಕುಡಿದು, ಮನೆಗೆ ಬಂದು ನನ್ನ ಮೇಲೆ ಸಿಡುಕುತ್ತಿದ್ದರು.

ಅತ್ತೆ ಆಳಂದ ತಾಲೂಕಿನ ಸರಸಂಬಾದವರು, ಹೊಲಮನೆ ಇದ್ದವರ ಮಗಳು. ಮಾತು ಕಡಿಮೆ, ಕೆಲಸದ ಮಾತು ಮಾತ್ರ. ನಾನು ಸಣ್ಣವಳಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು. ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಒಬ್ಬ ತಾಯಿ ಸಿಗುತ್ತಾಳೆಂದು ಆಸೆಪಟ್ಟಿದ್ದೆ. ಏಳು ವರ್ಷ ರೊಟ್ಟಿ ಬಡಿದೆ, ಮನೆ ಸಾರಿಸಿದೆ, ಶಾಲೆಗೆ ಹೋಗಿ ಮಕ್ಕಳಿಗೆ ಕಲಿಸಿಯೂ ಬಂದೆ. ಒಂದು ಸಲವೂ ಅವರು ನನ್ನ ತಲೆ ನೇವರಿಸಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ.

ಅವರ ಮೊಣಕಾಲು ಸವೆದಿದ್ದವು. ದಿನಾ ಬೆಳಿಗ್ಗೆ ಚಕ್ಕಳಮಕ್ಕಳ ಕೂತು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವುದು ಅವರ ರೂಢಿ. ಅದಾಗದೆ ಹನಿ ನೀರನ್ನೂ ಮುಟ್ಟುವವರಲ್ಲ. ಕೂತರೆ ಏಳಲು ಆಗುತ್ತಿರಲಿಲ್ಲ, ಗೋಡೆ ಹಿಡಿದು ಏಳುವಾಗ ಹಲ್ಲು ಕಚ್ಚುತ್ತಿದ್ದರು. ಡಾಕ್ಟರು ಹೇಳಿದ್ದ ಸಾದಾ ಬಿಳಿ ನೋವಿನ ಗುಳಿಗೆ ಅವರಿಗೆ ಸಾಲುತ್ತಿರಲಿಲ್ಲ. ಅಷ್ಟರಲ್ಲಿ ಜೇವರ್ಗಿ ಕಡೆಯ ಸಂಬಂಧವೊಂದು ಕೂಡಿಬಂದು ನಾದಿನಿಯ ಮದುವೆ ಗೊತ್ತಾಯಿತು. ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಗೆ ಉಡಿ ತುಂಬುವ ಹರಕೆ ಅತ್ತೆಯದಿತ್ತು. ಗುಡಿಯ ಹತ್ತಿರದ ಹೊಳೆಗಿಳಿದು ಹತ್ತಿ ಬರುವಷ್ಟು ಕಾಲಲ್ಲಿ ಬಲ ಬೇಕು.

"ಜರಾ ತೇಜ ಗುಳಿಗಿ ತಂದ ಕೊಡ ಬೇ. ಎಲ್ಲಾರ ಮುಂದ ಕುಂಟಿಕೋತ ಹ್ಯಾಂಗ ಹೋಗಲಿ?" ಎಂದರು.

ಬಸ್ ನಿಲ್ದಾಣದ ಹತ್ತಿರದ ಔಷಧದ ಅಂಗಡಿಗೆ ಹೋಗಿ ನೋವಿನ ತೇಜ ಗುಳಿಗೆ ಕೇಳಿದೆ. ಅಂಗಡಿಯವರು ವಯಸ್ಸಾದವರು, ನಿಧಾನದವರು. ಕೇಸರಿ ಬಣ್ಣದ ಗುಳಿಗೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೇಳಿದರು.

"ಯಾರಿಗ್ರಿ ಅಕ್ಕೋರ?"

"ನಮ್ಮ ಅತ್ತಿಗ್ರಿ. ಮೊಣಕಾಲ ಬ್ಯಾನಿ."

"ಅವರಿಗಿ ಸಕ್ರಿ ಬ್ಯಾನಿ ಏನರೆ ಅದ ಏನ್ರಿ? ಇದ್ರ ಇದು ಬ್ಯಾಡ್ರಿ, ಬ್ಯಾರೆ ಕೊಡ್ತೇನಿ."

ನನ್ನ ಹಿಂದೆ ನಮ್ಮ ಓಣಿಯ ಹೆಂಗಸೊಬ್ಬರು ಕೆಮ್ಮಿನ ಔಷಧಕ್ಕೆ ನಿಂತಿದ್ದರು. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರಿಗೇ ಬೀಳುತ್ತಿತ್ತು.

"ಇಲ್ರಿ, ಸಕ್ರಿ ಗಿಕ್ರಿ ಏನಿಲ್ರಿ" ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ಕೇಸರಿ ಗುಳಿಗೆ ಕೆಲಸ ಮಾಡಿತು. ಎರಡು ದಿನದಲ್ಲಿ ಅತ್ತೆ ಗೋಡೆ ಹಿಡಿಯದೆ ಎದ್ದರು, ನಾದಿನಿಯ ಕುಪ್ಪಸದ ಬಟ್ಟೆ ಆರಿಸಲು ತಾವೇ ಅಂಗಡಿಗೆ ಹೋದರು. ನಾನು ಏನೋ ದೊಡ್ಡ ಉಪಕಾರ ಮಾಡಿದವಳಂತೆ ಒಳಗೊಳಗೇ ಬೀಗಿದೆ. ಒಂದು ಸಂಜೆ ಸ್ವಲ್ಪ ಕೈ ನಡುಗಿ, ಹಸಿವೆಯೆಂದು ಅವಸರದಿಂದ ಉಂಡರು. ಓಡಾಟದ ದಣಿವಿರಬೇಕೆಂದು ಇಬ್ಬರೂ ಬಿಟ್ಟುಬಿಟ್ಟೆವು.

ಘತ್ತರಗಿಗೆ ಹೋದ ದಿನ ಬೆಳಿಗ್ಗೆ ಪೂಜೆ ಮುಗಿಸಿ ದಿನದ ಸಕ್ಕರೆ ಗುಳಿಗೆ ನುಂಗಿದರು, ಹೊಳೆಯ ಸಲುವಾಗಿ ಕೇಸರಿಯವು ಎರಡು ನುಂಗಿದರು. ಉಡಿ ತುಂಬುವ ತನಕ ಏನೂ ತಿನ್ನುವುದಿಲ್ಲವೆಂದರು. ಜೇವರ್ಗಿಯ ಬೀಗರೂ ಅಲ್ಲಿಗೇ ಬಂದಿದ್ದರು. ಗುಡಿಯ ಮುಂದೆ ಸಾಲು ಉದ್ದವಿತ್ತು, ಬಿಸಿಲು ನೆತ್ತಿಗೆ ಬಂದಿತ್ತು.

ಮೊದಲು ಅತ್ತೆಯ ಕೈ ನಡುಗಿತು. ಆಮೇಲೆ ತಲೆ ತೂಗತೊಡಗಿತು. ಕಣ್ಣು ಎತ್ತಲೋ ನೆಟ್ಟು, ತೊದಲುತ್ತ ಏನೇನೋ ಅನ್ನತೊಡಗಿದರು. ಸೆರಗು ಜಾರಿದ್ದರೂ ಅರಿವಿಲ್ಲ. ಹಿಂದಿನಿಂದ ಒಬ್ಬಾಕೆ, "ತಾಯಿ ಮೈಮ್ಯಾಲ ಬಂದಾಳ, ಜಾಗಾ ಬಿಡ್ರಿ" ಎಂದಳು. ಜನ ಸುತ್ತುವರಿದರು. ಯಾರೋ ಹಣೆಗೆ ಭಂಡಾರದ ಅರಿಸಿನ ಬಳಿದರು, ಯಾರೋ ಕಳೆದುಹೋದ ತಮ್ಮ ಎಮ್ಮೆ ಯಾವಾಗ ಸಿಗುತ್ತದೆಂದು ಕೇಳಿದರು. ನಮ್ಮ ಬೀಗಿತ್ತಿ ಕೈ ಮುಗಿದು ನಿಂತಳು, ದೇವಿ ಬರುವಂಥ ಮನೆತನದ ಹೆಣ್ಣು ತರುವ ಹೆಮ್ಮೆ ಅವಳ ಮುಖದಲ್ಲಿ ಕಾಣುತ್ತಿತ್ತು.

ಲಿಂಗ ಕಟ್ಟಿದವರ ಮೈಮೇಲೆ ಅದೆಲ್ಲ ಬರುವುದಿಲ್ಲ ಎಂದು ಅತ್ತೆ ಹತ್ತು ಸಲ ಹೇಳಿದ್ದು ನನಗೆ ನೆನಪಿತ್ತು. ಬೆವರಿ, ನಡುಗಿ, ತಪ್ಪು ತಪ್ಪು ಮಾತಾಡಿದರೆ ಸಕ್ಕರೆ ಇಳಿದಿದೆಯೆಂದು ತಿಳಿದು ತಕ್ಷಣ ಬಾಯಿಗೆ ಸಕ್ಕರೆ ಹಾಕಿರಿ ಎಂದು ಡಾಕ್ಟರು ನನಗೇ ಹೇಳಿದ್ದರು, ನನ್ನ ಗಂಡನಿಗಲ್ಲ. ನನ್ನ ಕೈಯ ತಾಟಿನಲ್ಲಿ ನೈವೇದ್ಯದ ಸಕ್ಕರೆ ಇತ್ತು. ಒಂದು ಹೆಜ್ಜೆ ಮುಂದಿಟ್ಟೆ. ಬೀಗಿತ್ತಿಯ ಮುಖ ನೋಡಿ ಅಲ್ಲೇ ನಿಂತುಬಿಟ್ಟೆ.

ಆಗ ಅತ್ತೆ ನನ್ನ ಕಡೆ ತಿರುಗಿದರು. ಒದ್ದೆಯಾದ ತಣ್ಣನೆಯ ಕೈಯಿಂದ ನನ್ನ ಗದ್ದ ಹಿಡಿದರು. "ಎಷ್ಟ ಸೊರಗೀದಿ ಬೇ. ನನ್ನ ಮಗಳ ನೀ. ಹೊಟ್ಟ್ಯಾಗ ಹುಟ್ಟಿದಾಕಿಗಿಂತ ಹೆಚ್ಚಿನಾಕಿ" ಎಂದು ತಲೆ ನೇವರಿಸಿದರು.

ನಾನು ಕುಸಿದು ಅವರ ಪಾದದ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ದೇವಿಯ ಮಾತೋ ಅವರ ಮಾತೋ ನೋಡಲು ಹೋಗಲಿಲ್ಲ, ಇನ್ನೊಂದು ಮಾತು ಬರಲಿ ಎಂದು ಕಾದೆ. ಎಷ್ಟು ಹೊತ್ತು ಕಾದೆನೋ ಗೊತ್ತಿಲ್ಲ. ಅವರ ಕಾಲು ಸೆಟೆದಾಗ ತಲೆಯೆತ್ತಿದೆ. ಬಾಯಲ್ಲಿ ನೊರೆ ಬಂದಿತ್ತು. ಆಗ ಸಕ್ಕರೆ ಹಾಕಹೋದರೆ ಅವರ ಬಾಯಿ ತೆರೆಯಲೇ ಇಲ್ಲ.

ಜೀಪಿನಲ್ಲಿ ಅಫಜಲಪುರಕ್ಕೆ ತಂದೆವು. ಬೀಗರು ದೇವಿ ಬಂದ ಆಯಾಸವೆಂದುಕೊಂಡು ಊರಿಗೆ ಹೋದರು. ಅಲ್ಲಿನ ಡಾಕ್ಟರಿಗೆ ನಾನು ಸಕ್ಕರೆ ಕಾಯಿಲೆ, ಕೇಸರಿ ಗುಳಿಗೆ ಎರಡನ್ನೂ ಒದರಿಬಿಟ್ಟೆ. ಅವರು ನರಕ್ಕೆ ಗ್ಲೂಕೋಸ್ ಕೊಟ್ಟರು, ಮತ್ತೆ ಇಳಿಯಿತು, ಮತ್ತೆ ಕೊಟ್ಟರು. ಎರಡು ದಿನ ಅದೇ ಆಯಿತು.

"ಈ ಗುಳಿಗಿ ನೋವಷ್ಟ ಕಳ್ಯಂಗಿಲ್ರಿ, ಸಕ್ರಿ ಗುಳಿಗಿಗಿ ದುಪ್ಪಟ್ಟು ಜೋರ ಕೊಡ್ತದ" ಎಂದರು ಡಾಕ್ಟರು. "ಇಂಥ ತೇಜ ಗುಳಿಗಿ ಕಿಡ್ನಿಗೂ ಕೆಟ್ಟ, ಹೊಟ್ಟಿಗೂ ಕೆಟ್ಟ. ಸಾದಾ ಬಿಳೀದ ಸಾಕ್ರಿ, ಅದೂ ನಾ ಹೇಳಿದಷ್ಟೇ. ಬಿಸಿನೀರ ಶಾಖ ಕೊಡ್ರಿ. ಅಂಗಡ್ಯಾಗ ಸಕ್ರಿ ಅದ ಅಂತ ಹೇಳ್ಲಿಲ್ಲೇನು ನೀವು?"



ಮೂರನೆಯ ದಿನ ಅತ್ತೆಗೆ ಪೂರ್ತಿ ಎಚ್ಚರವಾಯಿತು. ಮೊದಲು ಕೇಳಿದ್ದು, "ಬೀಗರಿಗೆ ಗೊತ್ತಾತೇನು?" ಇಲ್ಲವೆಂದೆ. ಆಮೇಲೆ, "ನಾ ಏನರೆ ಅಂದ್ನೇನು?" ಎಂದರು. ಅದಕ್ಕೂ ಇಲ್ಲವೆಂದೆ. ಮದುವೆ ಸುಸೂತ್ರವಾಗಿ ಆಯಿತು.

ಆಮೇಲೆ ಅತ್ತೆ ಹತ್ತಾರು ವರ್ಷ ಬದುಕಿದರು, ಅದೇ ಗಂಟು ಮುಖ, ಅದೇ ಕೆಲಸದ ಮಾತು. ಮನೆಯಲ್ಲಿ ನಾವಿಬ್ಬರೇ ಇದ್ದಾಗ ಆ ತಣ್ಣನೆಯ ಕೈ ನನ್ನ ಗದ್ದದ ಮೇಲೆ ಇದ್ದಂತೆಯೇ ಆಗುತ್ತಿತ್ತು. ರೊಟ್ಟಿ ಬಡಿಯುವಾಗ ಹಿಂದೆ ನಿಂತು ಯಾರೋ "ಸೊರಗೀದಿ" ಅಂದಂತಾಗಿ ತಿರುಗಿ ನೋಡುತ್ತಿದ್ದೆ. ಕೊಂದೇಬಿಡುತ್ತಿದ್ದೆನಲ್ಲ ಎಂಬ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಬೇರೆ: ಆ ಗುಳಿಗೆ ಇನ್ನೊಮ್ಮೆ ಕೊಟ್ಟರೆ ಆ ಮಾತು ಇನ್ನೊಮ್ಮೆ ಬರುತ್ತದೇನೋ ಎಂದು ನನಗೆ ಅನಿಸುತ್ತಿತ್ತು. ಒಂದು ದಿನವಲ್ಲ, ಎಷ್ಟೋ ದಿನ ಅನಿಸಿದೆ.

ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ ಅವರ ಮೊಣಕಾಲು ಬಾತು ಗುಂಡಿನಂತಾದವು. "ಆ ಕೇಸರಿ ಗುಳಿಗಿ ಒಂದ ತಂದ ಕೊಡ ಬೇ" ಎಂದು ಜೀವನದಲ್ಲಿ ಮೊದಲ ಸಲ ನನ್ನನ್ನು ಬೇಡಿಕೊಂಡರು. ಅದೇ ಅಂಗಡಿಗೆ ಹೋದೆ. ಈಗ ಅಂಗಡಿಯವರ ಮಗ ಕೂತಿದ್ದ. ಅವನು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಕೌಂಟರಿನ ಮುಂದೆ ಹೊತ್ತು ಕಳೆಯುತ್ತ ನಿಂತೆ. ಕೊನೆಗೆ, "ಸಕ್ರಿ ಬ್ಯಾನಿ ಅದರಿ ನಮ್ಮತ್ತಿಗಿ, ಸಾದಾ ಬಿಳೀದ ಕೊಡ್ರಿ" ಎಂದು ಅಂಗಡಿ ತುಂಬ ಕೇಳುವಂತೆ ಹೇಳಿದೆ.

ಅತ್ತೆ ಬಿಳಿ ಗುಳಿಗೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ನುಂಗಿದರು. ಗೋಡೆಯ ಕಡೆ ತಿರುಗಿ ಮಲಗಿ ಹೇಳಿದರು:

"ಹೊಟ್ಟ್ಯಾಗ ಹುಟ್ಟಿದ ಮಗಳಾಗಿದ್ರ ತಂದ ಕೊಡ್ತಿದ್ದಿ."