ಅತ್ತಿಗೆಯ ಮನೆಗೆ ಬಂದ ಎಂಟನೇ ನೆಂಟ

ಸಿದ್ದರಬೆಟ್ಟಕ್ಕೆ ಬರುವ ಜನ ಅಲ್ಲಿ ಏನು ಬಿಟ್ಟು ಹೋಗುತ್ತಾರೆ ಅಂತ ಕೇಳಿದರೆ ದೊಡ್ಡವರು ಕರ್ಮ, ರೋಗ, ಚಿಂತೆ ಅಂತೆಲ್ಲ ಹೇಳಬಹುದು. ನಾನು ಬೆಟ್ಟದ ಬುಡದಲ್ಲಿ ಗಾಡಿಗಳಿಗೆ ಚೀಟಿ ಹರಿದು ಕೊಡುವವನು. ನನಗೆ ಕಾಣುವುದು ನೀರಿನ ಬಾಟಲಿ, ಒಂಟಿ ಚಪ್ಪಲಿ. ಆಮೇಲೆ ನಾಯಿ.

ಬೀದಿ ನಾಯಿ ಅಂದುಕೊಳ್ಳಬೇಡಿ. ಬೀದಿ ನಾಯಿಯನ್ನು ಕಾರಿನಲ್ಲಿ ಕರೆತರುವಷ್ಟು ದೊಡ್ಡ ಮನಸ್ಸು ಯಾರಿಗಿದೆ? ಇವು ಶಾಂಪೂ ಸ್ನಾನದ ನಾಯಿಗಳು, ಹುಟ್ಟುಹಬ್ಬಕ್ಕೆ ಕೇಕು ತಿಂದ ನಾಯಿಗಳು. ಯಜಮಾನರು ಗಿಡಮೂಲಿಕೆ ಗಾಳಿ ಕುಡಿಯಲು ಬೆಟ್ಟ ಹತ್ತುತ್ತಾರೆ, ಇಳಿಯುತ್ತಾರೆ, ಕಾರಿನ ಬಾಗಿಲು ಹಾಕಿಕೊಳ್ಳುತ್ತಾರೆ. ಒಳಗೆ ಒಂದು ಜೀವ ಕಡಿಮೆ ಇದೆ ಎಂಬುದು ಅವರಿಗೆ ಬೆಂಗಳೂರು ಮುಟ್ಟುವವರೆಗೂ ನೆನಪಾಗುವುದಿಲ್ಲ. ಮುಟ್ಟಿದ ಮೇಲಂತೂ ಇಲ್ಲವೇ ಇಲ್ಲ.

ಅಂಥ ನಾಯಿಗಳನ್ನು ಮನೆಗೆ ಕರೆದುಕೊಂಡು ಹೋಗಿ, ಗಾಯ ಮಾಯಿಸಿ, ಬುದ್ಧಿ ಕಲಿಸಿ, ಒಂದು ಒಳ್ಳೆಯ ಮನೆ ಸೇರಿಸುವುದು ನಮ್ಮ ಅತ್ತಿಗೆ ಸಿದ್ದಗಂಗಮ್ಮನವರ ಕೆಲಸ. ಯಾರೂ ಒಪ್ಪಿಸಿದ್ದಲ್ಲ. ನನ್ನ ಅಣ್ಣ ಪರ್ವತಯ್ಯನ ಹೆಂಡತಿ ಆಕೆ. ಮೆಟ್ಟಿಲ ಹತ್ತಿರ ಮಜ್ಜಿಗೆ, ಸೌತೆಕಾಯಿ, ಚುರುಮುರಿ ಮಾರುತ್ತಾರೆ. ಮಾತು ಕಡಿಮೆ. ಆ ಕೊರತೆಯನ್ನು ಮೈದುನನಾದ ನಾನು ತುಂಬಿಕೊಡುತ್ತೇನೆ ಎಂದು ಊರವರ ಅಭಿಪ್ರಾಯ.

ಅವರ ಮನೆಯದೇ ಆದ ಪ್ರಾಣಿಗಳು ಎರಡು. ಎಂಟು ವರ್ಷದ ನಾಡು ನಾಯಿ ಕರಿಯ, ಮತ್ತೆ ಸುಬ್ಬಿ ಎಂಬ ಬೆಕ್ಕು. ಹೆಸರು ಇರುವುದು ಇವೆರಡಕ್ಕೇ. ಬಿಟ್ಟು ಹೋದ ನಾಯಿ ಯಾವುದೇ ಬರಲಿ, ಅದು ‘ನೆಂಟ’. ನಾನು ಒಂದು ಸಲ ಕೇಳಿದ್ದೆ.

“ಎಲ್ಲಾವ್ಕೂ ನೆಂಟ ಅಂದ್ರೆ ಹೆಂಗೆ ಅತ್ಗೆ? ಒಂದೊಂದಕ್ಕೆ ಒಂದೊಂದು ಹೆಸರಿಡಬಾರ್ದಾ?”

“ಹೆಸ್ರಿಟ್ರೆ ಉಳ್ಕಂತವೆ ಕಣಪ್ಪ ಮಾಲಿಂಗ. ನೆಂಟ ಅಂದ್ರೆ ಒಂದಿನ ಹೋಗ್ತಾನೆ ಅಂತ ನಮ್ಗೂ ಗ್ಯಾನ ಇರ್ತದೆ.”

ನೆಂಟನಿಗೆ ಮೊದಲ ಪಾಠ ಹೇಳುವುದು ಸುಬ್ಬಿ: ಮೂಗಿನ ಮೇಲೆ ಒಂದು ಪೆಟ್ಟು. ಎರಡನೆಯದು ರಾಗಿಮುದ್ದೆಯ ಪಾಠ. ಪ್ಯಾಕೆಟ್ಟಿನ ಕಾಳು ತಿಂದು ಬೆಳೆದ ನಾಯಿ ಮುದ್ದೆಯ ಮುಂದೆ ಮೂರು ದಿನ ಸತ್ಯಾಗ್ರಹ ಕೂರುತ್ತದೆ. ನಾಲ್ಕನೆಯ ದಿನ ತಟ್ಟೆ ನೆಕ್ಕಿ, ಸುಬ್ಬಿಯ ತಟ್ಟೆಯ ಕಡೆ ನೋಡಿ, ಮತ್ತೆ ಮೊದಲ ಪಾಠಕ್ಕೆ ಬರುತ್ತದೆ. ಉಳಿದದ್ದೆಲ್ಲ ಕರಿಯನದು. ಗಿರಾಕಿ ಕೈಯಿಂದ ಚುರುಮುರಿ ಕಿತ್ತುಕೊಳ್ಳಬಾರದು, ಅಡುಗೆ ಮನೆಯ ಹೊಸಿಲು ದಾಟಬಾರದು ಎಂಬುದನ್ನೆಲ್ಲ ಅವನು ಗುರ್ ಎನ್ನುವುದರಲ್ಲೇ ಕಲಿಸುತ್ತಾನೆ. ಹೀಗೆ ನಾಲ್ಕು ವರ್ಷದಲ್ಲಿ ಏಳು ನೆಂಟರು ಪಾಸಾದರು. ಒಬ್ಬ ಮಧುಗಿರಿಯ ಮೇಷ್ಟರ ಮನೆಯಲ್ಲಿದ್ದಾನೆ, ಇನ್ನೊಬ್ಬ ಶಿರಾದಲ್ಲಿ ಕಡಲೆಕಾಯಿ ಮಂಡಿ ಕಾಯುತ್ತಾನೆ.

ಎಂಟನೆಯವನದೇ ತಲೆನೋವು.

ಹೋದ ಬೇಸಿಗೆಯ ಒಂದು ಭಾನುವಾರ ಬಿಳಿ ಕಾರು ಬಂತು. ಚೀಟಿ ಹರಿದವನು ನಾನೇ. ಗಂಡ, ಹೆಂಡತಿ, ಹಿಂದಿನ ಸೀಟಿನಲ್ಲಿ ಬೆಲ್ಲದ ಬಣ್ಣದ ಲ್ಯಾಬ್ರಡಾರ್. ಕಾರನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಸಾಯಂಕಾಲ ನಾಲ್ಕಕ್ಕೆ ಕಾರು ಹೊರಟಿತು, ಅದರ ಹಿಂದೆ ನಾಯಿ ಹೊರಟಿತು. ಕಾರು ಒಳಗಿದ್ದವರ ಮನಸ್ಸಿನಷ್ಟೇ ಗಟ್ಟಿಯಾಗಿತ್ತು, ನಿಲ್ಲಲಿಲ್ಲ. ಕತ್ತಲಾಗುವ ಮುಂಚೆ ನಾಯಿ ಅಂಗಾಲು ಕಿತ್ತುಕೊಂಡು ವಾಪಸು ಬಂದು, ಅದೇ ಹೊಂಗೆ ಮರದ ಕೆಳಗೆ, ಕಾರು ನಿಂತಿದ್ದ ಜಾಗದಲ್ಲೇ ಕೂತಿತು.

ರಾತ್ರಿ ಅತ್ತಿಗೆ ಮನೆಗೆ ಕರೆದುಕೊಂಡು ಹೋದರು. ಮಾರನೆಯ ದಿನದಿಂದ ಶುರುವಾಯಿತು. ಬಿಳಿ ಕಾರು ಯಾವುದು ಬಂದರೂ ಓಡಿಹೋಗಿ ಬಾಗಿಲಿಗೆ ಮೂಗು ಹಚ್ಚುವುದು, ಅದು ಹೊರಟರೆ ಹಿಂದೆ ಬೀಳುವುದು. ಈಗಿನ ಕಾಲದಲ್ಲಿ ಹತ್ತು ಕಾರು ಬಂದರೆ ಏಳು ಬಿಳಿ. ಎರಡು ಸಲ ಚಕ್ರಕ್ಕೆ ಸಿಕ್ಕಬೇಕಿತ್ತು, ತಪ್ಪಿತು. ಮೂರನೆಯ ಸಲ ಇವನನ್ನು ತಪ್ಪಿಸಲು ಹೋಗಿ ಬೈಕಿನವನೊಬ್ಬ ಬಿದ್ದು ಮೊಣಕೈ ಕೆತ್ತಿಕೊಂಡ.

ಗಾಡಿ ನಿಲ್ಲಿಸುವ ಜಾಗದ ಗುತ್ತಿಗೆ ಹಿಡಿದಿರುವ ದೊಡ್ಡರಂಗಪ್ಪ ನೇರ ಅತ್ತಿಗೆಯ ಅಂಗಡಿಗೇ ಬಂದ.

“ನೋಡಮ್ಮ, ಶ್ರಾವಣ ಹುಟ್ಟಿದ್ರೆ ಜನ ಮುಕುರ್ಕಂತಾರೆ. ಅಷ್ಟ್ರೊಳಗೆ ಇದು ಕಾರು ಅಟ್ಟೋದು ಬುಡ್ಬೇಕು. ಇಲ್ಲಾಂದ್ರೆ ಲಗೇಜ್ ಆಟೋಗೆ ಹಾಕಿ ಪಾವಗಡದಾಚೆ, ಆಂಧ್ರದ ಗಡಿ ದಾಟಿಸಿ ಬುಟ್ಬತ್ತೀನಿ.”

ಭಲೆ. ಬಿಟ್ಟು ಹೋದ ನಾಯಿಗೆ ಪರಿಹಾರ ಏನು? ಇನ್ನೊಂದು ಕಡೆ ಬಿಡುವುದು. ನಾನು ಬಾಯಿ ತೆಗೆಯುವುದರಲ್ಲಿದ್ದೆ. ಅತ್ತಿಗೆ ನನ್ನ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟರು. ನನ್ನ ಬಾಯಿ ಮುಚ್ಚಿಸಲು ಅವರು ಮಾಡುವುದು ಅದನ್ನೇ.

“ಆಗ್ಲಿ ದೊಡ್ಡರಂಗಪ್ಪ. ಶ್ರಾವಣಕ್ಕೆ ಇನ್ನೂ ಎರಡು ತಿಂಗ್ಳೈತೆ,” ಅಂದರು.

ನನಗೆ ಸಮಾಧಾನವಾಗಲಿಲ್ಲ. ಒಬ್ಬರ ಕಾರಿಗೆ ಇನ್ನೊಬ್ಬರು ಅಡ್ಡ ನಿಲ್ಲಿಸಿ ಬೆಟ್ಟ ಹತ್ತಿಬಿಡುತ್ತಾರೆ ಅಂತ ನಾವು ಚೀಟಿಯ ಉಳಿದರ್ಧದಲ್ಲಿ ಫೋನ್ ನಂಬರ್ ಬರೆದುಕೊಳ್ಳುತ್ತೇವೆ. ಆ ಭಾನುವಾರದ ಪುಸ್ತಕ ಹುಡುಕಿ, ಅತ್ತಿಗೆಯ ಅಂಗಡಿಯಲ್ಲೇ ಕೂತು ಫೋನ್ ಮಾಡಿದೆ.

“ಸಾರ್, ನಿಮ್ದೊಂದು ಸಾಮಾನು ಬೆಟ್ಟದ ತಾವ ಉಳ್ಕಂಡೈತೆ.”

“ಹೌದಾ? ಏನದು, ಕೂಲಿಂಗ್ ಗ್ಲಾಸಾ?”

“ನಾಲ್ಕು ಕಾಲೈತೆ ಸಾರ್. ಬಾಲಾನೂ ಐತೆ.”

ಆ ಕಡೆ ಸ್ವರ ಮೆತ್ತಗಾಯಿತು. “ನೋಡಿ, ನಾವು ಬಿಟ್ಟು ಬಂದಿದ್ದು ಅಂತ ಅಲ್ಲ. ಫ್ಲ್ಯಾಟಲ್ಲಿ ಅದಕ್ಕೂ ಹಿಂಸೆ ಆಗ್ತಿತ್ತು. ಅಲ್ಲಿ ಒಳ್ಳೆ ಗಾಳಿ, ಪುಣ್ಯ ಕ್ಷೇತ್ರ ಬೇರೆ. ಒಂಥರಾ ದೇವರಿಗೆ ಒಪ್ಪಿಸಿದ ಹಾಗೆ.”

“ಓಹೋ! ಒಪ್ಪಿಸ್ಕಂಡಿದ್ದಕ್ಕೆ ದೇವ್ರು ಏನಾದ್ರೂ ರಸೀತಿ ಕೊಟ್ನಾ ಸಾರ್?” ಅಂದೆ. ಅದರ ಮುಂದೆ ನಾನು ಹೇಳಿದ್ದನ್ನು ಅಚ್ಚು ಹಾಕಿಸಲಾಗುವುದಿಲ್ಲ. ಅತ್ತಿಗೆ ಫೋನ್ ಕಿತ್ತುಕೊಂಡರು.

“ಸ್ವಾಮಿ, ಬಂದು ಕರ್ಕಂಡೋಗಿ ಅಂತ ನಾನು ಕೇಳಾಕಿಲ್ಲ. ಅದ್ರ ಹೆಸ್ರು ಹೇಳ್ಬುಡಿ, ಸಾಕು.”

“ಲಕ್ಕಿ,” ಅಂದು ಆತ ಫೋನ್ ಇಟ್ಟ. ಲಕ್ಕಿ ಅಂದರೆ ಅದೃಷ್ಟವಂತ ಅಂತೆ. ಹೆಸರಿಡುವಾಗ ಜನ ಎಷ್ಟು ಯೋಚನೆ ಮಾಡುತ್ತಾರೆ ನೋಡಿ.

ಮಜ್ಜಿಗೆ ಮಡಕೆಯ ಪಕ್ಕದ ತಂಪಿನಲ್ಲಿ ಮಲಗಿದ್ದ ನೆಂಟನ ಕಡೆ ತಿರುಗಿ ಅತ್ತಿಗೆ ಮೆಲ್ಲಗೆ “ಲಕ್ಕಿ” ಅಂದರು. ಅವನು ಚಂಗನೆ ಎದ್ದು ಅಂಗಡಿಯಿಂದಾಚೆ ಹಾರಿದ. ನಿಂತಿದ್ದ ಮೂರು ಬಿಳಿ ಕಾರುಗಳ ಬಾಗಿಲನ್ನೂ ಮೂಸಿ, ಮತ್ತೆ ಮೊದಲನೆಯದರಿಂದ ಮೂಸಿದ. ಆಮೇಲೆ ಬಂದು ಅತ್ತಿಗೆಯ ಮುಖ ನೋಡಿದ, ಎಲ್ಲಿ ಅನ್ನುವ ಹಾಗೆ. ಅವತ್ತಿನಿಂದ ಆ ಹೆಸರನ್ನು ಅತ್ತಿಗೆ ಬಾಯಲ್ಲಿ ತರಲಿಲ್ಲ, ನನಗೂ ತರಬೇಡ ಅಂದರು.

ಉಪಾಯ ಹೇಳಿದ್ದು ಅಣ್ಣ. ಎತ್ತು ಮಾರಿ ಆರು ವರ್ಷವಾದರೂ ಅವನ ತಲೆಯಲ್ಲಿ ಇನ್ನೂ ಎತ್ತೇ ಓಡಾಡುತ್ತವೆ.

“ಹೊಸ ಹೋರಿ ಹೆಂಗೆ ಪಳಗಿಸ್ತಿದ್ವಿ? ಹಳೇ ಎತ್ತಿನ ಜೊತೆ ನೊಗಕ್ಕೆ ಕಟ್ಟಿ ತಾನೇ? ಇವ್ನ ಕರಿಯನ ಜೊತೆ ಕಟ್ಟಿ.”

ಮೊಳದುದ್ದದ ಹೊಂಗೆ ಕೋಲು ಕಡಿದು, ಎರಡು ತುದಿಗೂ ತೂತು ಮಾಡಿ, ಎರಡು ನಾಯಿಗಳ ಕೊರಳ ಪಟ್ಟಿಗೂ ಹಗ್ಗದಲ್ಲಿ ಬಿಗಿದ. ಬಿಳಿ ಕಾರು ಬಂದಾಗಲೆಲ್ಲ ಅತ್ತಿಗೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅಂಗೈಯನ್ನು ನೆಲಕ್ಕೆ ಒತ್ತಿ “ಕೂತ್ಕೊ” ಅನ್ನುವರು. ಕಾರುಗಳ ಮೇಲೆ ಕರಿಯನಿಗೆ ಏನೂ ಆಸಕ್ತಿ ಇಲ್ಲ, ಅವನು ಕೂರುವನು. ನೆಂಟ ಎಳೆಯುವನು. ಕರಿಯ ಎದ್ದರೆ ತಾನೇ? ಸೋತು ಕೂತ ಮೇಲೆ ಇಬ್ಬರಿಗೂ ಒಂದೊಂದು ಚೂರು ಕೊಬ್ಬರಿ. ಅಂಗೈ ನೆಲದ ಮೇಲೆ ಇರುವಷ್ಟು ಹೊತ್ತು ಯಾರೂ ಏಳುವ ಹಾಗಿಲ್ಲ.

ಬೆಟ್ಟ ಹತ್ತಲು ಬಂದಿದ್ದ ಹೆಂಗಸೊಬ್ಬಳು ಫೋಟೋ ತೆಗೆದುಕೊಂಡು, “ಇದು ಹಿಂಸೆ ಅಲ್ವಾ ಆಂಟಿ?” ಅಂದಳು.

“ಹೂಂ ಕಣವ್ವ. ಇವ್ನ ಇಲ್ಲಿ ಬುಟ್ಟೋದೋರು ಭಾಳ ಒಳ್ಳೇರು,” ಅಂದು ಅತ್ತಿಗೆ ಕೊಬ್ಬರಿ ಚೂರು ಮಾಡಿದರು.

ಆಷಾಢ ಅರ್ಧ ಕಳೆಯುವ ಹೊತ್ತಿಗೆ ಕೋಲು ಬಿಚ್ಚಿದರೂ ನೆಂಟ ಕೂರುತ್ತಿದ್ದ. ನಾನು ಬೇಕೆಂತಲೇ ಪರಿಚಯದವರ ಬಿಳಿ ಕಾರಿನ ಬಾಗಿಲು ತೆಗೆದು ಧಡ್ ಅಂತ ಹಾಕಿದೆ. ಕಿವಿ ನಡುಗಿತು, ಮೈ ಏಳಲಿಲ್ಲ. ನಾವೆಲ್ಲ ಬೀಗಿದೆವು.

ಎರಡು ದಿನ ಬಿಟ್ಟು ನೋಡುತ್ತೇನೆ, ಹೊಂಗೆ ಮರದ ಕೆಳಗೆ ಅದೇ ಜಾಗದಲ್ಲಿ ಒಂದು ನಾಯಿ ಕೂತು ದಾರಿ ನೋಡುತ್ತಿದೆ. ಕರಿಯ! ಬಿಳಿ ಕಾರು ಬಂತು. ಎದ್ದ, ಬಾಲ ಅಲ್ಲಾಡಿಸಿದ, ಹೋಗಿ ಬಾಗಿಲಿಗೆ ಮೂಗು ಹಚ್ಚಿದ. ಹುಡುಗನ ಚಾಳಿ ಬಿಡಿಸಲು ಇಟ್ಟ ಮೇಷ್ಟ್ರು ಅದೇ ಚಾಳಿ ಕಲಿತು ಕೂತಿದ್ದರು.

“ಎತ್ತುಗಳಲ್ಲಿ ಇಂಗಾಗ್ತಿರ್ಲಿಲ್ಲ,” ಅಂತ ಅಣ್ಣ ತಲೆ ಕೆರೆದುಕೊಂಡ.

“ಎತ್ತು ಯಾವತ್ತು ಕಾರಿಗೆ ಕಾದಿತ್ತಣ್ಣ?” ಅಂದೆ.

ಕರಿಯ ಕಾರಿನ ಹಿಂದೆ ಓಡುತ್ತಿರಲಿಲ್ಲ ಅನ್ನುವುದಷ್ಟೇ ಸಮಾಧಾನ.

ನೆಂಟನಿಗೆ ಮನೆ ಸಿಕ್ಕಿತು. ಪಾವಗಡ ತಾಲ್ಲೂಕಿನ ಬಲಸಮುದ್ರದ ಯೋಗೀಶ, ಅವನ ಹೆಂಡತಿ ರಾಧಾಮಣಿ. ಯೋಗೀಶ ಸೋಲಾರ್ ಪಾರ್ಕಿನಲ್ಲಿ ಕಾವಲಿಗಿದ್ದಾನೆ. ಮನೆಯಲ್ಲಿ ಒಂದು ಮೇಕೆ ಇದೆ, ಇದ್ದ ನಾಯಿ ಮುದಿಯಾಗಿ ಸತ್ತಿತ್ತು. ಅತ್ತಿಗೆ ಸುಮ್ಮನೆ ಕೊಡುವವರಲ್ಲ. ಎರಡು ಭಾನುವಾರ ಬಂದು ನೆಂಟನ ಪಕ್ಕ ನೆಲದ ಮೇಲೆ ಕೂತು ಕೈಯಾರೆ ಮುದ್ದೆ ತಿನ್ನಿಸಬೇಕು. ಇಬ್ಬರೂ ಬಸ್ಸು ಬದಲಾಯಿಸಿ ಬಂದು ತಿನ್ನಿಸಿದರು. ಆಷಾಢದ ಕೊನೆಯ ಭಾನುವಾರ ಕರೆದುಕೊಂಡು ಹೋಗುವುದೆಂದಾಯಿತು.

ಅವತ್ತು ಅವರು ಯಾರದೋ ಜೀಪು ಕೇಳಿ ತಂದಿದ್ದರು. ಬಿಳಿ ಜೀಪು.

ಹಿಂದಿನ ಬಾಗಿಲು ತೆಗೆದರು. ನೆಂಟ ಕೂತ. ಬಿಸ್ಕತ್ತು ತೋರಿಸಿದರು, ಕೂತೇ ಇದ್ದ. ರಾಧಾಮಣಿ ಮಂಡಿಯೂರಿ “ರಾ ನಾನ್ನಾ, ರಾ, ಮನಿಗೆ ಹೋಗಾಣ” ಅಂತ ಅರ್ಧ ತೆಲುಗಿನಲ್ಲಿ ಕರೆದಳು. ಅವಳ ಕೈ ನೆಕ್ಕಿದ, ಮುಂಗಾಲು ಕೊಟ್ಟ. ಜೀಪಿನ ಕಡೆ ಮಾತ್ರ ತಿರುಗಲೂ ಇಲ್ಲ. ಎರಡು ತಿಂಗಳು ಬಿಳಿ ಗಾಡಿಯ ಹತ್ತಿರ ಹೋಗಬೇಡ ಅಂತ ಕಲಿಸಿದವರು ಯಾರು? ನಾವೇ. ವಿದ್ಯೆ ಅಂದರೆ ಹೀಗೆ ತಲೆಗೆ ಹತ್ತಬೇಕು.

ದೊಡ್ಡರಂಗಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. “ಏನಮ್ಮ, ಮದ್ವೆ ಹೆಣ್ಣಿನಂಗೆ ಹಟ ಮಾಡ್ತಾನೆ? ಇವತ್ತು ಹೋಗ್ಲಿಲ್ಲಾಂದ್ರೆ ನಾಳೆ ನನ್ನ ಆಟೋ ರೆಡಿ ಐತೆ.”

“ಎತ್ತಿ ಒಳಿಕ್ಕೆ ಹಾಕ್ತೀನಿ ಬುಡು ಅತ್ಗೆ,” ಅಂದೆ.

“ಮುಟ್ಬೇಡ.”

“ಅಂಗಾದ್ರೆ ಆ ಹೆಸ್ರು ಕರಿ. ಒಂದೇ ಒಂದ್ಸಲ. ತಾನೇ ಹಾರಿ ಕೂತ್ಕಂತಾನೆ.”

ಅತ್ತಿಗೆ ನನ್ನ ಕಡೆ ನೋಡಿದ ನೋಟ ಈಗಲೂ ನನಗೆ ನೆನಪಿದೆ.

“ಸುಳ್ ಹೇಳಿ ಕಾರು ಹತ್ಸಿದೋರು ಒಬ್ರಾಗವ್ರೆ. ಸಾಕು.”

ಅಷ್ಟರಲ್ಲಿ ಹೊಂಗೆ ಮರದ ಕೆಳಗಿನಿಂದ ಕರಿಯ ಬಂದ. ತೆರೆದ ಬಾಗಿಲು ನೋಡಿದ. ಯಾರನ್ನೂ ಕೇಳದೆ ಜೀಪು ಹತ್ತಿ, ಗೆದ್ದ ಎಮ್ಮೆಲ್ಲೆ ಹಾಗೆ ಹಿಂದಿನ ಸೀಟಿನಲ್ಲಿ ಕೂತ. ಯೋಗೀಶ ಗೊಳ್ ಅಂತ ನಕ್ಕ. ದೊಡ್ಡರಂಗಪ್ಪನೂ ನಕ್ಕ. ಅತ್ತಿಗೆ ನಗಲಿಲ್ಲ.

“ಆ ಕೋಲು ತಗಂಬಾ,” ಅಂದರು.

ಕರಿಯನನ್ನು ಇಳಿಸಿ, ನೆಂಟನ ಜೊತೆ ಮೊದಲಿನ ಹಾಗೆ ಜೋಡಿ ಕಟ್ಟಿದರು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅಂಗೈಯನ್ನು ನೆಲಕ್ಕೆ ಒತ್ತಿದರು. ಎರಡೂ ಕೂತವು. ಎಷ್ಟೋ ಹೊತ್ತು ಹಾಗೇ ಇದ್ದರು. ನನಗೆ ಕಾಲು ಜೋಮು ಹಿಡಿಯಿತು. ಆಮೇಲೆ ಅತ್ತಿಗೆ ನೆಲದಿಂದ ಕೈ ಎತ್ತಿದರು. ಅಷ್ಟೆ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ.

ಕರಿಯ ಎದ್ದ. ನೆಂಟ ಎರಡು ಹೆಜ್ಜೆ ಇಟ್ಟ, ಬಾಗಿಲ ಹತ್ತಿರ ನಿಂತು ಹಿಂದೆ ತಿರುಗಿ ನೋಡಿದ. ಅತ್ತಿಗೆ ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಕರಿಯ ಹತ್ತಿದ, ನೆಂಟನೂ ಹತ್ತಿದ.

ಕರಿಯನನ್ನು ವಾಪಸು ತರಲು ಯಾರಾದರೂ ಹೋಗಬೇಕಲ್ಲ. ನಾನೇ ಹೋದೆ. ಮಧುಗಿರಿ ದಾಟುವವರೆಗೆ ನೆಂಟ ನಡುಗುತ್ತಿದ್ದ. ಆಮೇಲೆ ಕರಿಯನ ಬೆನ್ನಿನ ಮೇಲೆ ತಲೆಯಿಟ್ಟು ಮಲಗಿದ. ಬಲಸಮುದ್ರದಲ್ಲಿ ಕೋಲು ಬಿಚ್ಚಿದೆವು. ಮೇಕೆ ಬಂದು ಮೂಸಿ ಹಣೆಯಿಂದ ಒಂದು ಗುದ್ದು ಕೊಟ್ಟಿತು. ಸುಬ್ಬಿಯ ಪೆಟ್ಟು ತಿಂದು ಬಂದವನಿಗೆ ಅದು ಯಾವ ಲೆಕ್ಕ? ರಾಧಾಮಣಿ ಇಟ್ಟ ಮುದ್ದೆ ತಿಂದು ಹೊಸಿಲಿನ ಆಚೆಯೇ ಮಲಗಿದ. ನಾನೂ ಕರಿಯನೂ ಬಸ್ಸಿನಲ್ಲಿ ವಾಪಸು ಬಂದೆವು. ಕಂಡಕ್ಟರು “ಇದ್ಯಾರು?” ಅಂದ. “ಮೇಷ್ಟ್ರು,” ಅಂದೆ.

ಎಂಟು ದಿನಕ್ಕೆ ರಾಧಾಮಣಿ ಫೋನ್ ಮಾಡಿದಳು. ಬಂಗಾರಂ ಅಂತ ಹೆಸರಿಟ್ಟಿದ್ದಾರಂತೆ. ಮನೆ ಮುಂದೆ ಜೀಪು ಬರುತ್ತದೆ, ಹೋಗುತ್ತದೆ. ಅವನು ತಲೆ ಎತ್ತುವುದಿಲ್ಲವಂತೆ. ಅತ್ತಿಗೆ “ಹೂಂ” ಅಂದು ಫೋನ್ ನನಗೆ ಕೊಟ್ಟು, ಗಿರಾಕಿಗೆ ಸೌತೆಕಾಯಿ ಸೀಳಿದರು.

ನಾನು ಈಗ ಚೀಟಿಯಲ್ಲಿ ಗಾಡಿ ನಂಬರಿನ ಕೆಳಗೆ ‘ನಾಯಿ ಒಂದು’ ಅಂತಲೂ ಬರೆಯುತ್ತೇನೆ. “ಇದೇನ್ರೀ?” ಅಂತ ದೊಡ್ಡ ಮನುಷ್ಯರು ಕಣ್ಣು ಬಿಡುತ್ತಾರೆ. “ಬರೋವಾಗ ಎಷ್ಟಿದ್ವೋ ಹೋಗೋವಾಗ ಅಷ್ಟಿರ್ಬೇಕು ಸಾರ್, ಬೆಟ್ಟದ ಪದ್ಧತಿ,” ಅನ್ನುತ್ತೇನೆ. ಪದ್ಧತಿ ಅಂದರೆ ಯಾರೂ ಎದುರು ಮಾತಾಡುವುದಿಲ್ಲ.

ಕರಿಯ ಮಾತ್ರ ಹೊಂಗೆ ಮರದ ಕೆಳಗೆ ಕೂರುವುದನ್ನು ಬಿಟ್ಟಿಲ್ಲ. ಒಂದೇ ಮನೆ, ಒಂದೇ ತಟ್ಟೆ, ಹುಟ್ಟಿದಾಗಿನಿಂದ ಅವನನ್ನು ಯಾರೂ ಬಿಟ್ಟು ಹೋಗಿಲ್ಲ. ಮೊದಲು ಸುಮ್ಮನೆ ನೋಡಿ ಕಲಿತಿದ್ದ. ಈಗ ಬಿಳಿ ಗಾಡಿಯಲ್ಲಿ ಒಬ್ಬ ನಿಜವಾಗಿ ಹೋಗಿದ್ದಾನಲ್ಲ.

ಮೊನ್ನೆ ಅತ್ತಿಗೆ ಅಂಗಡಿ ಬಿಟ್ಟು ಬಂದು ಅವನ ಪಕ್ಕದಲ್ಲಿ ಕೂತರು. ಕೋಲು ತರಲೇ ಅಂತ ಕೇಳಿದೆ.

“ಬ್ಯಾಡ ಬುಡು. ಇವ್ನು ಕಾಯೋದು ಸುಳ್ಳಲ್ಲ,” ಅಂದರು. “ಬರೋ ಸೋಮವಾರ ಬಲಸಮುದ್ರಕ್ಕೆ ಹೋಗ್ಬರಾಣ ಕಣಪ್ಪ ಮಾಲಿಂಗ. ಬಸ್ಸಲ್ಲಿ ಕರಿಯಂಗೂ ಒಂದು ಟಿಕೀಟು ತಗಂಬುಡು.”