ಉಗುರಿಗೆ ಸಿಗುವ ಗೀರು

ಆಗೆಲ್ಲ ಮನೆಗೊಂದೇ ಕನ್ನಡಿ. ನೀವೂ ನನ್ನ ವಯಸ್ಸಿನವರಾದರೆ ಹೇಳಬೇಕಾಗಿಲ್ಲ. ಅಪ್ಪನ ಗಡ್ಡ, ಅವ್ವನ ಕುಂಕುಮ, ಮಕ್ಕಳ ಜಡೆ ಎಲ್ಲ ಅದರ ಮುಂದೆಯೇ, ಸರದಿ ಪ್ರಕಾರ, ಬೈಸಿಕೊಂಡು. ಯಲಹಂಕದ ಹಳೇ ಪೇಟೆಯಲ್ಲಿದ್ದ ನಮ್ಮ ಮನೆಯ ಕನ್ನಡಿ ಅವ್ವನ ತವರಿನಿಂದ ಬಂದದ್ದು. ಬೀಟೆ ಮರದ ಚೌಕಟ್ಟು, ದಪ್ಪ ಗಾಜು, ಅದರ ಮೇಲೆ ಹುಡುಕಿದರೂ ಒಂದು ಗೀರಿಲ್ಲ. ಅವ್ವನಿಗೆ ಅದು ಹೆಮ್ಮೆ, ನಮಗೆ ಪ್ರಾಣಸಂಕಟ.

"ಬಳೆ ತಾಗಿಸ್ಬೇಡ್ವೇ! ಒಣಬಟ್ಟೇಲಿ ಒರೆಸ್ತೀಯಾ? ಕೈ ಮುರೀತೀನಿ ನೋಡು!"

ಧೂಳು ಕೂತ ಗಾಜನ್ನು ಒಣಗಿದ್ದಂತೆಯೇ ಒರೆಸಿದರೆ ಆ ಧೂಳೇ ಗೀರುತ್ತದೆ ಎಂದು ಅವ್ವನಿಗೆ ಯಾರು ಹೇಳಿಕೊಟ್ಟಿದ್ದರೋ. ಮೊದಲು ನೀರು ಚಿಮುಕಿಸಿ ಧೂಳಿಳಿಸಬೇಕು. ಆಮೇಲೆ ಅಪ್ಪನ ಹಳೇ ಮಲ್ಲುಪಂಚೆಯ ತುಂಡಿನಿಂದ ಮೇಲಿನಿಂದ ಕೆಳಕ್ಕೆ ಎಳೆಯಬೇಕು, ಸುತ್ತಿಸಬಾರದು. ಶುಕ್ರವಾರ ವಿಭೂತಿಯನ್ನು ನೀರಿನಲ್ಲಿ ಕಲಸಿ ಬಳಿದು, ಆರಿದ ಮೇಲೆ ಒದ್ದೆ ಬಟ್ಟೆಯಿಂದ ತೆಗೆಯುತ್ತಿದ್ದಳು. ಆ ಒದ್ದೆ ವಿಭೂತಿಯ ವಾಸನೆ ಬಂದರೆ ನನಗೆ ಇವತ್ತಿಗೂ ಶುಕ್ರವಾರವೇ ಅನ್ನಿಸುತ್ತದೆ. ಗುಡುಗಿದರೆ ಕನ್ನಡಿಗೆ ಸೀರೆ ಹೊದಿಸುವುದು, ನಾವು ಹಜಾರದಲ್ಲಿ ಕಲ್ಲಾಟ ಆಡಿದರೆ ಅದನ್ನು ಗೋಡೆಗೆ ತಿರುಗಿಸುವುದು. ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ ಅಪ್ಪ ಡ್ಯೂಟಿ ಮುಗಿಸಿ ಬಂದು, "ಇವಳು ನಮ್ಮನ್ನ ಒಂದಿನಾನಾದ್ರೂ ಇಷ್ಟು ಜೋಪಾನ ಮಾಡಿದಾಳಾ?" ಎಂದು ರೇಗಿಸುತ್ತಿದ್ದ.

ಆ ಬೇಸಿಗೆಯಲ್ಲಿ ರತ್ನಕ್ಕನ ಮದುವೆ ಗೊತ್ತಾಗಿತ್ತು. ಗಂಡು ಚಿಕ್ಕಜಾಲದವನು. ನನ್ನ ಅಕ್ಕ ಎಂದು ಹೇಳುತ್ತಿಲ್ಲ, ಬೀದಿಯ ಹೆಂಗಸರೆಲ್ಲ ನೀರಿಗೆ ಹೋಗುವಾಗ ತಿರುಗಿ ನೋಡುವಂಥ ಮುಖ ಅವಳದು. ಮನೆ ತುಂಬ ಹಪ್ಪಳದ ಹಿಟ್ಟಿನ, ಮಾವಿನಕಾಯಿ ಉಪ್ಪಿನಕಾಯಿಯ ಘಾಟು. ಅಷ್ಟರಲ್ಲಿ ಸಿಡುಬಿನ ದಾಕು ಹಾಕುವವರು ಬೀದಿಗೆ ಬಂದರು. ನನಗಂತೂ ಸ್ಕೂಲಿನಲ್ಲೇ ಹಿಡಿದು ಚುಚ್ಚಿ ಕಳಿಸಿದ್ದರು. ತೋಳು ಬಾತು ಕೀವಾಗಿ, ಕೊನೆಗೆ ಗುಂಡಿಯಂಥ ಕಲೆ ಬಿದ್ದಿತ್ತು. ಅದನ್ನು ನೋಡಿಯೇ ನಮ್ಮಜ್ಜಿಗೆ, ಅಪ್ಪನ ತಾಯಿಗೆ, ದಿಗಿಲು ಬಿದ್ದದ್ದು.

"ಮದ್ವೆ ಎಣ್ಣು ಕಣಪ್ಪ. ಧಾರೆ ಒತ್ನಲ್ಲಿ ಎಲ್ರೂ ತೋಳು ನೋಡ್ತಾರೆ. ಇಂತಾ ಗಾಯ ಬೇಕಾ ನನ್ ಮೊಮ್ಮಗೀಗೆ?" ಎಂದವಳೇ ಅಕ್ಕನನ್ನು ಹಿತ್ತಲ ಸೌದೆ ಕೊಟ್ಟಿಗೆಯಲ್ಲಿ ಕೂರಿಸಿ ಬಾಗಿಲೆಳೆದಳು. ದಾಕಿನವರಿಗೆ, "ದೊಡ್ಡೋಳು ನೆಂಟ್ರ ಮನೇಗ್ ಓಗವ್ಳೆ" ಎಂದಳು. ಹುಣಸಮಾರನಹಳ್ಳಿಯ ಹೆಂಗಸು, ಸುಳ್ಳು ಹೇಳುವಾಗಲೂ ಎದೆ ಸೆಟೆಸಿ ಹೇಳುತ್ತಿದ್ದಳು. ಅಕ್ಕ ತಲೆಯಲ್ಲಿ ಜೇಡರ ಬಲೆ ಸಿಕ್ಕಿಸಿಕೊಂಡು, ನಗುತ್ತ ಹೊರಬಂದಳು.

ಹಪ್ಪಳ ಒಣಗುವ ಮೊದಲೇ ಅಕ್ಕನಿಗೆ ಜ್ವರ ಬಂತು. ಆಮೇಲೆ ಸಿಡುಬೆದ್ದಿತು.

ಆ ದಿನಗಳನ್ನು ಹೇಗೆ ಹೇಳಲಿ? ಮನೆಯಲ್ಲಿ ಒಗ್ಗರಣೆ ಇಲ್ಲ, ನಗು ಇಲ್ಲ, ಜೋರು ಮಾತಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು, ಅಕ್ಕನ ಚಾಪೆಯ ಮೇಲೂ ಬೇವಿನ ಸೊಪ್ಪು, ಬಾಗಿಲಿನಾಚೆ ಚಾಪೆ ಹಾಸಿಕೊಂಡು ಕೂತ ನನಗೆ ಅವಳ ನರಳಾಟ. ಕನ್ನಡಿ ಗೋಡೆಗೆ ತಿರುಗಿತು. ಬದುಕುತ್ತಾಳೋ ಇಲ್ಲವೋ ಎಂದೇ ಎಲ್ಲರ ಚಿಂತೆ. ಬದುಕಿದ ಮೇಲೆ ಏನು ಎಂದು ಯಾರೂ ಯೋಚಿಸಿರಲಿಲ್ಲ. ಅಕ್ಕ ಬದುಕಿದಳು. ಹೊಪ್ಪಳಿಕೆ ಉದುರಿ ತಲೆಗೆ ನೀರು ಹಾಕಿದ ದಿನ ನಾನು ಬಚ್ಚಲ ಬಾಗಿಲಲ್ಲಿ ಅವಳ ಮುಖ ನೋಡಿದೆ. ನೋಡಿ, ಸುಮ್ಮನೆ ನೆಲ ನೋಡಿದೆ. ಅವ್ವನೂ ಅದನ್ನೇ ಮಾಡುತ್ತಿದ್ದಳು.

ಅವತ್ತೇ ಅವ್ವ, ಅಪ್ಪ, ನಾನು ಮಾರಮ್ಮನಿಗೆ ಮೊಸರನ್ನದ ತಂಪು ಒಯ್ದೆವು. ಅಕ್ಕನ ಜೊತೆಗೆ ಅಜ್ಜಿ ಉಳಿದಳು. ತಿರುಗಿ ಬಂದರೆ ಹಜಾರದಲ್ಲಿ ಇಟ್ಟಿಗೆ ಪುಡಿ, ತೆಂಗಿನ ನಾರು. ಗೋಡೆಗೆ ಒರಗಿಸಿದ್ದ ಕನ್ನಡಿ ಮಂಜು ಕವಿದ ಹಾಗಿದೆ. ಹಿತ್ತಾಳೆ ಕೊಳದಪ್ಪಲೆ ತಿಕ್ಕಿದ ಹಾಗೆ ಅಜ್ಜಿ ಗಾಜನ್ನು ಇಡೀ ತಿಕ್ಕಿ ಹಾಕಿದ್ದಳು. ಅವ್ವ ಹಣೆ ಹಣೆ ಚಚ್ಚಿಕೊಂಡಳು.

"ಏನತ್ತೆ ಇದು! ನಿಮಗೇನ್ ಬಂದಿತ್ತು?"

ಅಜ್ಜಿ ತಲೆಯೆತ್ತಲಿಲ್ಲ. "ಗಾಜಿಗೆ ನೋವಾಗಾಕಿಲ್ಲ ಕಣವ್ವ. ಆ ಮಗೀಗ್ ಆಯ್ತದೆ," ಎಂದಳು. ಅವ್ವ ಪೊರಕೆ ತಂದಳು. ಇಟ್ಟಿಗೆ ಪುಡಿಯನ್ನು ತಾನೇ ಗುಡಿಸಿದಳು.

ಕನ್ನಡಿಯೊಂದೇ ಅಲ್ಲ. ನೀರಿನ ಹಂಡೆಯಲ್ಲಿ ಮುಖ ಕಾಣದ ಹಾಗೆ ಅಜ್ಜಿ ದಟ್ಟವಾಗಿ ಬೇವಿನೆಲೆ ತೇಲಿಬಿಡುತ್ತಿದ್ದಳು. ತಳತಳಿಸುವ ತಟ್ಟೆ ಹೋಗಿ ಅಕ್ಕನಿಗೆ ಮುತ್ತುಗದೆಲೆ ಬಂತು. ಅಪ್ಪ ಹಿತ್ತಲ ಬಾವಿಯ ಹಗ್ಗ ಬಿಚ್ಚಿ ಅಟ್ಟಕ್ಕೆ ಎಸೆದ. ಅಕ್ಕ ಮುಖ ನೋಡಿಕೊಂಡ ದಿನ ಕೊರಳಿಗೆ ಹಗ್ಗ ಹಾಕಿಕೊಳ್ಳುತ್ತಾಳೆ, ಇಲ್ಲ ಬಾವಿಗೆ ಹಾರುತ್ತಾಳೆ ಎಂಬ ಭಯ ಮನೆಯಲ್ಲಿ ಎಷ್ಟಿತ್ತೆಂದರೆ, ಅವಳು ಹಿತ್ತಲಿಗೆ ಹೋದರೂ ಯಾರಾದರೊಬ್ಬರು ಹಿಂದೆ.

ಅಕ್ಕ ಊಟ ಬಿಟ್ಟಳು. "ಕನ್ನಡಿ ಸರಿಮಾಡಿಸಿ ಕೊಡಿ. ನನ್ ಮುಖ ನಾನ್ ನೋಡ್ಬಾರ್ದಾ?" ಎಂದು ಒಂದೇ ಹಟ. ಅಪ್ಪನಿಗೆ ತಡೆಯಲಾಗಲಿಲ್ಲ. ಕನ್ನಡಿಯನ್ನು ಕಂಬಳಿಯಲ್ಲಿ ಸುತ್ತಿ, ಒಂದು ತುದಿ ನನಗೆ ಹಿಡಿಸಿ, ರೈಲುಗಾಡಿಯಲ್ಲಿ ಯಶವಂತಪುರಕ್ಕೆ ಒಯ್ದ. ಅಲ್ಲಿ ಗಾಜು ಕತ್ತರಿಸುವ ಸಾಬರೊಬ್ಬರು ಗೀರುಗಳ ಮೇಲೆ ಅಡ್ಡಡ್ಡ ಉಗುರೆಳೆದು ನೋಡಿದರು.

"ಉಗುರಿಗೆ ಸಿಗದೇ ಇರೋ ಗೀರು ತಿಕ್ಕಿದ್ರೆ ಹೋಗುತ್ತೆ ಸ್ವಾಮಿ. ಉಗುರಿಗೆ ಸಿಕ್ತಾ, ಅದು ಹೋಗೋ ಮಾತಿಲ್ಲ."

ಅಕ್ಕಸಾಲಿಗರು ಹೊಳಪಿಗೆ ಬಳಸುವ ನುಣ್ಣನೆಯ ಕೆಂಪು ಪುಡಿ ಒಂದು ಪೊಟ್ಟಣ, ಒಂದು ತುಂಡು ಉಣ್ಣೆ ಕೊಟ್ಟರು. ನೀರು ಮುಟ್ಟಿಸಿ, ಒತ್ತದೆ, ಒಂದೇ ಜಾಗದಲ್ಲಿ ತಾಳ್ಮೆಯಿಂದ ತಿಕ್ಕಬೇಕಂತೆ. ಗಾಡಿಯಲ್ಲಿ ಬರುವಾಗ ಅಪ್ಪ ಆ ಪೊಟ್ಟಣವನ್ನು ಕಿಟಕಿಯಾಚೆ ಎಸೆದುಬಿಡುತ್ತಾನೋ ಎಂದು ನೋಡುತ್ತಿದ್ದೆ. ಕೈಯಲ್ಲೇ ಇಟ್ಟುಕೊಂಡಿದ್ದ.

ಸಾಬರು ಹೇಳಿದ್ದನ್ನೆಲ್ಲ ನನ್ನಿಂದ ಕೇಳಿಕೊಂಡ ಅಕ್ಕ ಪುಡಿಯನ್ನು ಯಾರ ಕೈಗೂ ಕೊಡಲಿಲ್ಲ. ಹಜಾರದ ನೆಲದ ಮೇಲೆ ಕಾಲು ಮಡಿಸಿ ಕೂತು, ತನ್ನ ಮುಖದ ನೇರಕ್ಕೆ ಬರುವ ಜಾಗದಲ್ಲಿ ತಿಕ್ಕಲು ಶುರುಮಾಡಿದಳು. ಬೆಳಗಿನಿಂದ ಸಂಜೆಯವರೆಗೂ ಅದೇ ಸರ ಸರ ಸದ್ದು. ಬೆರಳೆಲ್ಲ ಕೆಂಪು. ಆ ಸದ್ದು ಕೇಳುತ್ತ ಅವ್ವನಿಗೆ ಅನ್ನ ಇಳಿಯುತ್ತಿರಲಿಲ್ಲ. ಜೀವಮಾನವೆಲ್ಲ ಆ ಗಾಜಿಗೆ ಗೀರು ಬೀಳದಿರಲಿ ಎಂದವಳು ಈಗ ದೇವರ ಮುಂದೆ, "ಅದು ಹೋಗದಿರಲಪ್ಪ, ಹೋಗದಿರಲಿ" ಎಂದು ಕೈ ಮುಗಿಯುತ್ತಿದ್ದಳು.

ಅಷ್ಟರಲ್ಲಿ ಚಿಕ್ಕಜಾಲದಿಂದ ಗಂಡಿನ ಸೋದರಮಾವ ಬಂದ. ಹೊಸಿಲು ದಾಟಲಿಲ್ಲ. ಜಗುಲಿಯ ಮೇಲೆ ನಿಶ್ಚಿತಾರ್ಥದ ಸೀರೆ ಇಟ್ಟು, "ತಪ್ಪು ತಿಳ್ಕೋಬೇಡಿ" ಎಂದು ಹೊರಟುಹೋದ. ಏನು ಸರಿಯಾಗಿ ತಿಳಿದುಕೊಳ್ಳಬೇಕಿತ್ತೋ, ಅವನ ಮನೆ ಹಾಳಾಗ! ಒಳಗೆ ಸರ ಸರ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಮೊದಲಿಗಿಂತ ಜೋರಾಗಿ.

ಒಂದಂಗೈ ಅಗಲದಷ್ಟು ಜಾಗ ನಿಧಾನವಾಗಿ ತಿಳಿಯಾಗತೊಡಗಿತು. ಆದರೆ ಅಕ್ಕ ಮಧ್ಯಾಹ್ನ ಸುಸ್ತಾಗಿ ಮಲಗೆದ್ದರೆ ಅದೇ ಜಾಗ ಮತ್ತೆ ಮಬ್ಬು. ಹಾಳು ಪುಡಿ ಎಂದು ನಾವೆಲ್ಲ ಅಂದುಕೊಂಡೆವು. ಅಕ್ಕ ಅಂದುಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಕಣ್ಣು ಮುಚ್ಚಿ ಮಲಗಿದ್ದವಳು ಸದ್ದಿಲ್ಲದೆ ಎದ್ದು ಬಂದಳು. ಕನ್ನಡಿಯ ಮುಂದೆ ಅಜ್ಜಿ ಕೂತಿದ್ದಳು, ಕೈಯಲ್ಲಿ ಚಿಟಿಕೆ ಇಟ್ಟಿಗೆ ಪುಡಿ.

ಅಕ್ಕ ಕೂಗಾಡುತ್ತಾಳೆ ಎಂದುಕೊಂಡೆ. ಅವಳು ಪಕ್ಕದಲ್ಲಿ ಕೂತು ಅಜ್ಜಿಯ ಕೈ ಹಿಡಿದಳು.

"ಅಜ್ಜಿ, ನನ್ನ ಬೆರಳಿಗೇನು ಗೊತ್ತಾಗಲ್ವಾ?" ಎಂದು ಅಜ್ಜಿಯ ಬೆರಳನ್ನು ತನ್ನ ಕೆನ್ನೆಯ ಮೇಲೆ ಎಳೆದಳು. "ನೋಡು, ಉಗುರಿಗೆ ಸಿಗುತ್ತೆ. ಇದು ಹೋಗಲ್ಲ. ನನಗೆ ಗೊತ್ತು."

ಅಜ್ಜಿ ಕುಸಿದು ಅತ್ತಳು. ಅಷ್ಟು ಗಟ್ಟಿ ಹೆಂಗಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. "ತೋಳಿಗೊಂದ್ ಗಾಯ ಬ್ಯಾಡ ಅಂದೋಳು ನಾನು. ಕೊಟ್ಟಿಗ್ಯಾಗ್ ಕೂರ್ಸ್ದೋಳು ನಾನೇ ಕಣವ್ವ. ನೀನ್ ನೋಡ್ಕಂಡ್ರೆ ಉಳಿಯಾಕಿಲ್ಲ, ಸತ್ತೋಯ್ತೀಯ..."

"ಸಾಯೋಕಲ್ಲ ಕಣಜ್ಜಿ ನಾನು ಕನ್ನಡಿ ಕೇಳಿದ್ದು."

ಅಕ್ಕ ಸೆರಗಿನಿಂದ ಒರೆಸಲು ಹೋಗಿ, ತಡೆದು, ಮೊದಲು ನೀರು ಚಿಮುಕಿಸಿದಳು. ಧೂಳಿಳಿಸಿ, ಉಣ್ಣೆ ತೆಗೆದುಕೊಂಡು ತಿಕ್ಕಿದಳು. ಸಂಜೆಯವರೆಗೆ ತಿಕ್ಕಿದಳು. ಅಜ್ಜಿ ಪಕ್ಕದಲ್ಲೇ ಕೂತು ನೀರು ಮುಟ್ಟಿಸಿಕೊಡುತ್ತಿದ್ದಳು. ಅವ್ವ ಬಾಯಿಗೆ ಸೆರಗು ಒತ್ತಿ ಬಾಗಿಲಲ್ಲಿ, ಅಪ್ಪ ಅವಳ ಹಿಂದೆ. ಆಮೇಲೆ ಅಕ್ಕ ಉಣ್ಣೆ ಕೆಳಗಿಟ್ಟು ನೋಡಿದಳು. ಎಷ್ಟು ಹೊತ್ತು ನೋಡಿದಳು!

"ಇಷ್ಟೇನಾ?" ಎಂದಳು ಕೊನೆಗೆ. "ನೀವೆಲ್ಲ ನನ್ನ ನೋಡಿ ಮುಖ ತಿರುಗಿಸ್ಕೊಳ್ತಿದ್ರಲ್ಲ, ನನಗೆ ಮುಖಾನೇ ಉಳಿದಿಲ್ಲ ಅನ್ಕೊಂಡಿದ್ದೆ."

ಆ ಮಾತು ಕೇಳಿ ನಾವು ಸತ್ತೆವು. ಅವಳು ಕುಂಕುಮ ಇಟ್ಟುಕೊಂಡಳು, ಸರಿಯಾಗಿ ನಡುಹಣೆಗೆ. ಆಮೇಲೆ ಅತ್ತಳು. ನಾವೆಲ್ಲ ಅತ್ತೆವು.

ಅಜ್ಜಿ ಮುಂದಿನ ಬೇಸಿಗೆ ನೋಡಲಿಲ್ಲ. ಅಕ್ಕ ಮದುವೆಯಾಗದೆ, ಬೀದಿಯ ಹುಡುಗಿಯರಿಗೆಲ್ಲ ಹೊಲಿಗೆ ಹೇಳಿಕೊಟ್ಟು, ಮುದುಕಿಯಾಗಿಯೇ ಹೋದಳು. ಹಳೇ ಪೇಟೆಯ ಮನೆ ಇದ್ದ ಜಾಗದಲ್ಲಿ ಈಗ ಮೂರಂತಸ್ತಿನ ಕಟ್ಟಡ. ಊರಿನಿಂದ ಸಿಡುಬು ಹೋಯಿತು, ಅದಕ್ಕೆ ಕೋಟಿ ನಮಸ್ಕಾರ. ನನ್ನ ತೋಳಿನ ಕಲೆ ನೋಡಿ ಮೊಮ್ಮಕ್ಕಳು, "ಇದೇನಜ್ಜಿ?" ಎನ್ನುತ್ತಾರೆ. ಕನ್ನಡಿ ನನ್ನ ಹತ್ತಿರವಿದೆ. ಸೊಸೆ, "ಗಾಜು ಬದಲಾಯಿಸೋಣ ಅತ್ತೆ, ಏನೂ ಕಾಣಲ್ಲ" ಎನ್ನುತ್ತಾಳೆ. ಕಾಣುತ್ತದೆ. ನೆಲದ ಮೇಲೆ, ಅಕ್ಕ ಕೂತ ಹಾಗೆ ಕೂತರೆ ಅಂಗೈ ಅಗಲದ ಜಾಗದಲ್ಲಿ ಮುಖ ಕಾಣುತ್ತದೆ. ಆಳದ ಗೀರುಗಳಲ್ಲಿ ಆ ಕೆಂಪು ಪುಡಿ ಇನ್ನೂ ಕೂತಿದೆ.

ಮಂಡಿ ನೋವಿದ್ದರೂ ಶುಕ್ರವಾರ ಕೂರುತ್ತೇನೆ. ಮೊದಲು ನೀರು, ಆಮೇಲೆ ಬಟ್ಟೆ. ಒಮ್ಮೊಮ್ಮೆ ಬಳೆ ಗಾಜಿಗೆ ಟಿಣ್ ಎಂದು ತಾಗುತ್ತದೆ. ಕೈ ತಾನಾಗಿ ನಿಲ್ಲುತ್ತದೆ, ಬೈಗುಳಕ್ಕೆ ಕಾಯುತ್ತದೆ. ಮನೆಯಲ್ಲಿ ಬೈಯುವವರು ಯಾರೂ ಇಲ್ಲ.