ಸಂದಿಲ್ಲದ ಗೂಡು

ಮೇಸ್ತ್ರಿ ಕೂರಿಸಿದ ಬಾಗಿಲು ಅಂದರೆ ಮುಗೀತು, ಎರಡು ಮಾತಿಲ್ಲ. ಚೌಕಟ್ಟಿಗೂ ಕದಕ್ಕೂ ನಡುವೆ ಒಂದು ಕೂದಲು ತೂರಿಸಿ ನೋಡಿ, ತೂರೋದಿಲ್ಲ. ಎಲ್ಲಾದರೂ ಸೂಜಿಮೊನೆಯಷ್ಟು ಸಂದು ಕಂಡರೆ ಮರದ ಪುಡಿಗೆ ಅಂಟು ಕಲಸಿ ಮೆತ್ತಿ, ಒಣಗಿದ ಮೇಲೆ ಉಜ್ಜಿ, ಅಲ್ಲೊಂದು ಸಂದಿತ್ತೆಂಬ ಗುರುತೂ ಉಳಿಯದ ಹಾಗೆ ಮಾಡಿಯೇ ಅವನು ಬೀಡಿ ಹಚ್ಚುತ್ತಿದ್ದದ್ದು. ಆ ಪೇಟೆಯ ಅರ್ಧಕ್ಕರ್ಧ ಮನೆಗಳ ಬಾಗಿಲು ಅವನ ಕೈಯವು. ಇನ್ನು ಅವನ ಮನೆಯದೋ, ಕೇಳಲೇಬೇಡಿ. ಬಚ್ಚಲ ಬಾಗಿಲಿಗೆ ಚಿಲಕವಿಲ್ಲ, ಒಳಗಿದ್ದವರು ಕೆಮ್ಮುತ್ತಲೇ ಇರಬೇಕು. ಅಡುಗೆಮನೆಯ ಕಪಾಟು ತೆಗೆದರೆ ಕದವೇ ಕೈಗೆ ಬರುತ್ತದೆ. ಹಿತ್ತಲಿನ ಕೋಳಿಗೂಡಂತೂ ಗೂಡೇ ಅಲ್ಲ, ಎಂದೋ ಗಾಜು ತುಂಬಿಕೊಂಡು ಬಂದಿದ್ದ ಮರದ ಪೆಟ್ಟಿಗೆ.

ಆ ಪೆಟ್ಟಿಗೆಗೆ ಮೊದಲು ಬಂದದ್ದು ಒಂದು ಹುಂಜ, ಎರಡೋ ಮೂರೋ ಹ್ಯಾಟೆ ಕೋಳಿ. ಮೇಸ್ತ್ರಿಯ ಹೆಂಡತಿಯದು ಮೆದು ಮನಸ್ಸು. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸು ಅಂದರೆ, "ಅಯ್ಯೋ, ಆಸೆಯಿಂದ ಕೂತಿದೆ ಪಾಪ, ಕೂತ್ಕೊಳ್ಳಲಿ ಬಿಡಿ" ಅನ್ನುವವಳು. ಹೀಗೆ ಒಂದೊಂದೂ ಕೂತು, ಮರಿ ಮಾಡಿ, ಮರಿಗಳೆಲ್ಲ ಬಲಿತು ಕೋಳಿಗಳಾದವು. ಪೆಟ್ಟಿಗೆ ಮಾತ್ರ ಇದ್ದಷ್ಟೇ ಇತ್ತು. ಸಂಜೆಯಾದರೆ ಒಂದರ ಬೆನ್ನ ಮೇಲೊಂದು. ಕಾಲೂರಲು ಜಾಗವಿಲ್ಲದ ಸಿಟ್ಟಿಗೆ ಕುಕ್ಕಾಡಿಕೊಂಡು, ಬೆಳಿಗ್ಗೆ ತೆಗೆದರೆ ಬರೀ ಪುಕ್ಕ, ರಕ್ತ. ಒಂದು ಬಡಪಾಯಿ ಹ್ಯಾಟೆಯ ಬೆನ್ನೆಲ್ಲ ಬೋಳಾಗಿ ಹುಣ್ಣಾಗಿತ್ತು. ಸಾಲದ್ದಕ್ಕೆ ಹಲಗೆಯ ಸಂದಿಯಲ್ಲಿ ಪಂಜ ತೂರಿಸಿ ಬೆಕ್ಕೊಂದು ಮರಿಗಳನ್ನು ಎಳೆಯುವುದಕ್ಕೂ ಶುರುಮಾಡಿತು.

"ರೀ, ಊರಿಗೆಲ್ಲ ಬಾಗಿಲು ಮಾಡ್ತೀರಿ, ನನ್ನ ಕೋಳಿಗೊಂದು ಗೂಡು ಮಾಡಿಕೊಡೋಕೆ ಏನು ಧಾಡಿ?" ಅಂತ ಅವಳು ಹುಣ್ಣಿಗೆ ಮುಲಾಮು ಹಚ್ಚುತ್ತ ಕೇಳುವಳು.

"ಆಯ್ತು ಮಾರಾಯ್ತಿ, ಕೈಯಲ್ಲಿರೋ ಕೆಲಸ ಒಂದು ಮುಗೀಲಿ" ಅಂತ ಇವನು. ಕೈಯಲ್ಲಿರೋ ಕೆಲಸ ಯಾವ ಮೇಸ್ತ್ರಿಗೆ ಮುಗಿದದ್ದುಂಟು?

ಕೊನೆಗೆ ಕೋಳಿಗಳೇ ಬೇಸತ್ತು ಗೂಡು ಬಿಟ್ಟವು. ಕತ್ತಲಾಗುವ ಹೊತ್ತಿಗೆ ಕೆಲವು ಬಚ್ಚಲಮನೆಯ ತಗಡಿನ ಮೇಲೆ ಹತ್ತಿ ಕೂರುವುದು, ಇವಳು ಸ್ಟೂಲು ಹಾಕಿಕೊಂಡು ಒಂದೊಂದನ್ನೇ ಇಳಿಸಿ ಪೆಟ್ಟಿಗೆಗೆ ತುರುಕುವುದು, ದಿನಾ ಇದೇ ಪಾಡು. ಆ ಸ್ಟೂಲಿನ ಒಂದು ಕಾಲು ಅಲ್ಲಾಡುತ್ತಿತ್ತು. ಅದನ್ನೂ ಅವನೇ ರಿಪೇರಿ ಮಾಡಬೇಕಿತ್ತು ಅಂತ ಬೇರೆ ಹೇಳಬೇಕೆ? ಒಂದು ಸಂಜೆ ಸ್ಟೂಲು ವಾಲಿ, ಕೋಳಿ ಸಮೇತ ಬಿದ್ದಳು. ಕೋಳಿಗೇನೂ ಆಗಲಿಲ್ಲ. ಅವಳ ಬಲಗೈ ಮೂಳೆ ಮುರಿಯಿತು.

ಮಗಳು ಬಂದು ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಹೋಗುವಾಗ ಅಪ್ಪನ ಮುಖ ನೋಡಿ, "ಎಷ್ಟು ವರ್ಷದಿಂದ ಕೇಳ್ತಿದಾಳಪ್ಪ ಅವಳು" ಅಂದಳು. ಅಷ್ಟೇ ಅಂದದ್ದು. ಮೇಸ್ತ್ರಿಗೆ ಅದು ಕಪಾಳಕ್ಕೆ ಬಾರಿಸಿದ ಹಾಗಾಯಿತು.

ಮಾರನೆಯ ದಿನವೇ ಯಾರದೋ ಮನೆಯ ಅಲಮಾರಿನ ಕೆಲಸ ಅರ್ಧಕ್ಕೇ ನಿಲ್ಲಿಸಿ ಗೂಡಿಗೆ ಕೈ ಹಚ್ಚಿದ. ಒಳ್ಳೊಳ್ಳೆ ದಪ್ಪ ಹಲಗೆ ಆರಿಸಿದ. ಇಪ್ಪತ್ತು ಚಿಲ್ಲರೆ ಕೋಳಿ ರೆಕ್ಕೆ ಬಿಚ್ಚಿದರೂ ಒಂದಕ್ಕೊಂದು ತಾಗದಷ್ಟು ಜಾಗ. ಕೂರಲು ಮೂರು ಅಂತಸ್ತಿನಲ್ಲಿ ಗುಂಡನೆಯ ಕೋಲು. ಮೊಟ್ಟೆಯಿಡಲು ಬೇರೆ ಬೇರೆ ಖಾನೆ. ಮೇಲೊಂದು ಪುಟ್ಟ ಕಿಟಕಿ, ಅದಕ್ಕೂ ಕದ. ಹೆಂಡತಿ ದಿನಾ ಫೋನ್ ಮಾಡಿ ಮೊದಲು ಕೇಳುತ್ತಿದ್ದದ್ದೇ, "ಕೋಳಿ ಹೇಗಿದಾವೆ?"

"ನಾನು ಹೇಗಿದೀನಿ ಅಂತ ಕೇಳೋದಿಲ್ವೇನೆ?"

"ನಿಮಗೇನು ಧಾಡಿ, ಗಟ್ಟಿಯಾಗಿದೀರಿ. ಆ ಬೆನ್ನು ಹುಣ್ಣಾಗಿರೋ ಹ್ಯಾಟೆ ತಿಂತಾ ಇದೆಯಾ?"

ಗೂಡಿನ ವಿಷಯ ಮಾತ್ರ ಅವನು ಬಾಯಿ ಬಿಡಲಿಲ್ಲ. ಬಂದ ಕೂಡಲೇ ಅವಳ ಕೈಯಲ್ಲೇ ಬಾಗಿಲು ತೆಗೆಸಬೇಕು, ಕೋಳಿಗಳೆಲ್ಲ ಸಾಲಾಗಿ ಇಳಿದು ಬರಬೇಕು, ಅವಳು ಮುರಿದ ಕೈಯ ನೋವನ್ನು ಮರೆತು ಒಮ್ಮೆ ನಗಬೇಕು. ಅವನಿಗೆ ಬೇಕಾದದ್ದು ಇಷ್ಟೇ. ಕ್ಷಮಿಸು ಅಂತ ಬಾಯಲ್ಲಿ ಹೇಳಿ ಅಭ್ಯಾಸವಿಲ್ಲದ ಗಂಡಸು, ಮರದಲ್ಲಿ ಹೇಳಲು ಹೊರಟಿದ್ದ.

ಅವಳು ಬರುವ ಹಿಂದಿನ ದಿನ ಒಳಗೂ ಹೊರಗೂ ವಾರ್ನಿಶ್ ಬಳಿಯುತ್ತಿದ್ದಾಗ ಪಕ್ಕದ ಮನೆಯ ಡ್ರೈವರ್ ಗೋಡೆಯ ಮೇಲಿಂದ ತಲೆ ಹಾಕಿದ. "ಏನ್ ಮೇಸ್ತ್ರಿಗಳೇ, ಕೋಳಿಗೆ ಬಂಗಲೆ ಎದ್ದಿದೆ? ನಮಗೂ ಒಂದು ರೂಮು ಬಾಡಿಗೆಗೆ ಕೊಡಿ."

"ಸಂದು ಹುಡುಕು ನೋಡೋಣ. ಬೆಕ್ಕಿನ ಪಂಜ ಇರಲಿ, ಇರುವೆಯ ಮೀಸೆ ಕೂಡ ಹೋಗೋದಿಲ್ಲ."

"ಅದು ಸರಿ, ಈ ವಾಸನೆ ಏನು? ನನಗೇ ತಲೆ ತಿರುಗ್ತಿದೆ. ಎರಡು ದಿನ ಬಿಸಿಲಿಗೆ ಬಿಟ್ಟು ಆಮೇಲೆ ಕೋಳಿ ಕೂಡಿಹಾಕಿ."

"ನಾಳೆ ಇವಳು ಬರ್ತಾಳಯ್ಯ" ಅಂದ ಮೇಸ್ತ್ರಿ. ಡ್ರೈವರ್‌ಗೆ ಬಸ್ಸು ಓಡಿಸೋದು ಬಿಟ್ಟು ಏನು ಗೊತ್ತು ಅಂತ ಅವನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಸಂಜೆ ಕೋಳಿಗಳು ಹೊಸ ಗೂಡಿನ ಹತ್ತಿರ ಸುಳಿಯಲೊಲ್ಲವು. ಅಟ್ಟಾಡಿಸಿ, ಹಿಡಿದು, ಬೈದು, ಒಂದೊಂದಾಗಿ ಒಳಗೆ ಬಿಟ್ಟ. ನಾಲ್ಕು ಮಾತ್ರ ಕೈಗೆ ಸಿಗದೆ ತಗಡಿನ ಮೇಲೆ ಹತ್ತಿದವು. "ಬೆಕ್ಕಿನ ಬಾಯಿಗೆ ಬೀಳಿ, ನಿಮ್ಮ ಹಣೆಬರಹ" ಅಂತ ಬಿಟ್ಟ. ಬಾಗಿಲು ಹಾಕಿದಾಗ ಆದ ಸದ್ದು ಅವನಿಗೆ ಬಲು ಹಿತವಾಗಿತ್ತು. ಗೋಡೆಯ ತುದಿಯಲ್ಲಿ ಆ ಬೆಕ್ಕು ಕೂತು ನೋಡುತ್ತಿದ್ದದ್ದು ಕಂಡು, ಕಿಟಕಿಯ ಕದವನ್ನೂ ಎಳೆದು ಚಿಲಕ ಹಾಕಿದ. ಸೆಕೆ ಅಂದರೆ ಸೆಕೆ, ಅಂಗಿ ಮೈಗೆ ಅಂಟಿತ್ತು.

ಬೆಳಿಗ್ಗೆ ಎದ್ದಾಗ ಹುಂಜದ ಕೂಗಿಲ್ಲ. ಅವನ ಎದೆ ಒಂದು ಸಲ ಧಸಕ್ಕೆಂದದ್ದು ನಿಜ. ಆದರೆ ಮರುಗಳಿಗೆಯಲ್ಲೇ ಮೇಸ್ತ್ರಿಯ ಬುದ್ಧಿ ಮುಂದೆ ಬಂತು. ಹಲಗೆ ದಪ್ಪ ಇದೆ, ಸಂದಿಲ್ಲ, ಕೂಗು ಎಲ್ಲಿಂದ ಆಚೆ ಬರಬೇಕು? ಹಾಗಂದುಕೊಂಡು, ದೇವರಾಣೆ, ಹೆಮ್ಮೆಯೇ ಪಟ್ಟ ಕಣ್ರೀ ಆ ಮನುಷ್ಯ! ಬಾಗಿಲು ತೆಗೆಯಲಿಲ್ಲ. ಅವಳೇ ತೆಗೆಯಲಿ ಅಂತ ಗಡ್ಡ ಹೆರೆದುಕೊಂಡು, ಒಗೆದ ಅಂಗಿ ಹಾಕಿಕೊಂಡು, ಅಂಗಳ ಗುಡಿಸಿ ಕಾದ.

ಮೊದಲ ಬಸ್ಸಿಗೇ ಅಮ್ಮ ಮಗಳು ಬಂದರು. ಹೆಂಡತಿ ಚಪ್ಪಲಿಯನ್ನೂ ಬಿಡದೆ ನೇರ ಹಿತ್ತಲಿಗೆ ಹೋದಳು. ಗೂಡು ನೋಡಿ ಅಲ್ಲೇ ನಿಂತುಬಿಟ್ಟಳು. ಕಣ್ಣು ತುಂಬಿತು. "ರೀ… ನನಗಾ?" ಅಂದಳು.

"ಇನ್ಯಾರಿಗೆ? ತೆಗಿ, ತೆಗಿ" ಅಂದ ಮೇಸ್ತ್ರಿ.

ಪಟ್ಟಿ ಸುತ್ತಿದ ಬಲಗೈಯನ್ನು ಎದೆಗವಚಿಕೊಂಡು ಎಡಗೈಯಲ್ಲಿ ಚಿಲಕ ಸರಿಸಿದಳು. ಬಾಗಿಲು ಬಿಗಿ, ಒಂದೇ ಏಟಿಗೆ ಬರಲಿಲ್ಲ. ಜಗ್ಗಿದಳು. ವಾರ್ನಿಶ್ಶಿನ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಒಂದೂ ಕೋಳಿ ಹೊರಗೆ ಬರಲಿಲ್ಲ. ಎಲ್ಲವೂ ಬಾಗಿಲ ಬುಡದಲ್ಲೇ ಒಂದರ ಮೇಲೊಂದು ಬಿದ್ದಿದ್ದವು, ಅಷ್ಟು ಜಾಗವಿದ್ದೂ. ಮೇಲಿದ್ದ ಹುಂಜ ಜಾರಿ ಅವಳ ಕಾಲ ಬಳಿ ಬಿತ್ತು.

ಮಗಳು ಕಿರುಚಿದಳು. ಹೆಂಡತಿ ನೆಲಕ್ಕೆ ಕೂತು, ಇದ್ದ ಒಂದೇ ಕೈಯಲ್ಲಿ ಒಂದೊಂದನ್ನೇ ಆಚೆ ತೆಗೆದಳು. ಎದೆಯ ಮೇಲೆ ಬೆರಳಿಟ್ಟು ನೋಡುವಳು, ಪಕ್ಕಕ್ಕಿಡುವಳು, ಇನ್ನೊಂದಕ್ಕೆ ಕೈ ಹಾಕುವಳು. ಬೆನ್ನು ಹುಣ್ಣಾಗಿದ್ದ ಹ್ಯಾಟೆ ಸಿಕ್ಕಾಗ ಮಾತ್ರ ಅದನ್ನು ಮಡಿಲಲ್ಲಿಟ್ಟುಕೊಂಡು ಬೆನ್ನು ಸವರಿ ನೋಡಿದಳು. ಗಾಯ ಒಣಗಿ ಸಣ್ಣ ಪುಕ್ಕ ಚಿಗುರಿತ್ತು.

ಮೇಸ್ತ್ರಿ ಒಳಗೆ ಓಡಿದವನು ಕೊಡಲಿ ಹಿಡಿದುಕೊಂಡು ಬಂದ. "ಹಾಳು ಗೂಡು! ಪುಡಿ ಪುಡಿ ಮಾಡಿಬಿಡ್ತೀನಿ" ಅಂತ ಎತ್ತಿದ.

"ಇಳಿಸಿ" ಅಂದಳು ಹೆಂಡತಿ. "ಒಡೆದ್ರೆ ನಿಮಗೆ ಸಮಾಧಾನ ಆಗತ್ತೆ. ನನಗೇನಾಗತ್ತೆ? ನಾನು ಗೂಡು ಕೇಳಿದ್ದೆ ರೀ. ಕೋಳಿಗೆ. ನೀವು ನಿಮ್ಮ ಹೆಸರಿಗೆ ಕಟ್ಟಿಕೊಂಡ್ರಿ."

ಅವನು ಕೊಡಲಿ ಇಳಿಸಿದ. ಅವಳ ಮಾತಲ್ಲಿ ಸುಳ್ಳಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

"ಮೇಲೆ ಕೂತಿರೋವಕ್ಕೆ ಮಲಗೋ ಜಾಗ ಬೇಕು" ಅಂದಳು ತಗಡಿನ ಕಡೆ ನೋಡಿ. ಆ ನಾಲ್ಕು ಕೋಳಿಗಳು ಇಳಿಯುವುದೋ ಬೇಡವೋ ಅಂತ ಕತ್ತು ಚಾಚಿ ನೋಡುತ್ತಿದ್ದವು. "ತೂತು ಹಾಕಿ."

ಮೇಸ್ತ್ರಿ ಡ್ರಿಲ್ಲು ತಂದ. ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದ ಹಲಗೆಗೆ ಮೊದಲ ತೂತು ಕೊರೆದ. ಎರಡನೆಯದು ಕೊರೆದ. ಹತ್ತಿರ ಹತ್ತಿರ, ಅಂದಾಜು ಅಳತೆ ಏನನ್ನೂ ನೋಡದೆ, ಎದುರಿನ ಹಲಗೆ, ಹಿಂದಿನ ಹಲಗೆ, ಬಾಗಿಲು, ಎಲ್ಲಕ್ಕೂ ಕೊರೆಯುತ್ತ ಹೋದ. ಮರದ ಪುಡಿ ಅವನ ಒಗೆದ ಅಂಗಿಯ ಮೇಲೆ ಉದುರುತ್ತಿತ್ತು. ಒಂದೊಂದು ತೂತಾದ ಮೇಲೂ ಹೆಂಡತಿಯ ಮುಖ ನೋಡುವನು. ಸಾಕು ಅನ್ನುತ್ತಾಳೇನೋ, ಬೈಯುತ್ತಾಳೇನೋ, ಏನಾದರೂ ಅನ್ನಲಿ. ಅವಳು ಸತ್ತ ಕೋಳಿಗಳ ರೆಕ್ಕೆ ಮಡಿಸಿ ಮಡಿಸಿ ಸಾಲಾಗಿ ಇಡುತ್ತಿದ್ದಳು. ಇವನು ಮತ್ತೆ ಕೊರೆಯುವನು.

ಕೊನೆಗೆ ಒಂದು ಹಲಗೆ ಸೀಳು ಬಿಟ್ಟಿತು. ಆ ಸದ್ದಿಗೆ ಅವಳು ತಲೆಯೆತ್ತಿ ನೋಡಿದಳು.

"ಸಾಕು ಬಿಡಿ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಇರೋವು ನಾಲ್ಕೇ ತಾನೇ. ಅವಕ್ಕೆ ಇಷ್ಟು ಗಾಳಿ ಸಾಕು."